ಟಚ್‌ಪ್ಯಾಡ್ ಸನ್ನೆಗಳ ಸೂಕ್ಷ್ಮತೆ: ನಿಮ್ಮ ಡೆಸ್ಕ್‌ಟಾಪ್‌ಗೆ ಯಾವ ವ್ಯವಸ್ಥೆ ಹೊಂದುತ್ತದೆ?

ಮೇಜಿನ ಕಂಪ್ಯೂಟರಿಗೆ ಮೌಸ್ ಬಿಟ್ಟು ಟಚ್‌ಪ್ಯಾಡ್ ಜೋಡಿಸಿಕೊಂಡವರಿಗೆ ಮೊದಲ ವಾರದಲ್ಲೇ ಎದುರಾಗುವ ತೊಂದರೆ ಹೆಚ್ಚುಕಡಿಮೆ ಒಂದೇ ಬಗೆಯದು. ಮೂರು ಬೆರಳುಗಳನ್ನು ಬದಿಗೆ ಸರಿಸಿದಾಗ ಒಮ್ಮೆ ವರ್ಕ್‌ಸ್ಪೇಸ್ (ಕಿಟಕಿಗಳನ್ನು ಹರಡಿಕೊಳ್ಳುವ ಪ್ರತ್ಯೇಕ ಪರದೆ) ಬದಲಾಗುತ್ತದೆ, ಇನ್ನೊಮ್ಮೆ ಅರ್ಧ ದಾರಿ ಹೋಗಿ ಹಿಂದಕ್ಕೆ ಮರಳುತ್ತದೆ, ಮತ್ತೊಮ್ಮೆ ತೆರೆದಿರುವ ಪುಟವಷ್ಟೇ ಪಕ್ಕಕ್ಕೆ ಜರುಗಿ ಸುಮ್ಮನಾಗುತ್ತದೆ. ಸೆಟ್ಟಿಂಗ್ಸ್ ತೆರೆದು ಅಲ್ಲಿರುವ ಸ್ಲೈಡರನ್ನು ಬಲಕ್ಕೆಳೆದರೆ ಕರ್ಸರ್ ಪರದೆಯ ತುದಿಯಿಂದ ತುದಿಗೆ ಹಾರತೊಡಗುತ್ತದೆ. ಸನ್ನೆಗಳು ಮಾತ್ರ ಮೊದಲಿದ್ದಂತೆಯೇ ಉಳಿಯುತ್ತವೆ. ಆಗ ಹೊಸ ಟಚ್‌ಪ್ಯಾಡ್ ಕೊಳ್ಳಬೇಕೇ, ಬೇರೆ ಡೆಸ್ಕ್‌ಟಾಪ್‌ಗೆ, ಅಂದರೆ ಪರದೆಯ ಕಿಟಕಿ ಮೆನುಗಳನ್ನು ನಡೆಸುವ ಬೇರೆ ತಂತ್ರಾಂಶಕ್ಕೆ ಬದಲಾಯಿಸಬೇಕೇ, ಅಥವಾ ನಡುವೆ ಇನ್ನೊಂದು ತಂತ್ರಾಂಶ ಕೂರಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. ಈ ಬರಹ ಆ ಆಯ್ಕೆಯನ್ನು ಕುರಿತದ್ದು. ಹೆಚ್ಚಿನ ಮಾತು ಲಿನಕ್ಸ್ ಡೆಸ್ಕ್‌ಟಾಪ್‌ಗಳ ಬಗ್ಗೆ ಇದೆ, ಏಕೆಂದರೆ ಆಯ್ಕೆಗಳು ಹೆಚ್ಚಿರುವುದೂ ಗೊಂದಲ ಹೆಚ್ಚಿರುವುದೂ ಅಲ್ಲಿಯೇ. ವಿಂಡೋಸ್ ಮತ್ತು ಮ್ಯಾಕ್‌ಗಳನ್ನು ಹೋಲಿಕೆಗೆ ಬೇಕಾದಷ್ಟು ಮಾತ್ರ ತೆಗೆದುಕೊಂಡಿದ್ದೇನೆ.

ಒಂದು ಹೆಸರು, ನಾಲ್ಕು ಸಂಗತಿ

ಹೋಲಿಕೆಗೆ ಇಳಿಯುವ ಮೊದಲು ‘ಸೂಕ್ಷ್ಮತೆ’ ಎಂಬ ಪದವನ್ನು ಬಿಡಿಸಿ ನೋಡಬೇಕಾಗುತ್ತದೆ, ಏಕೆಂದರೆ ಒಂದೊಂದು ವ್ಯವಸ್ಥೆ ಅದಕ್ಕೆ ಒಂದೊಂದು ಅರ್ಥ ಕೊಟ್ಟುಕೊಂಡಿದೆ. ಮೊದಲನೆಯದು, ಬೆರಳು ಫಲಕಕ್ಕೆ ತಾಗಿದೆಯೋ ಇಲ್ಲವೋ ಎಂಬ ನಿರ್ಣಯ: ಎಷ್ಟು ಒತ್ತಡ ಅಥವಾ ಎಷ್ಟು ಅಗಲದ ಸ್ಪರ್ಶವಾದರೆ ಅದನ್ನು ಬೆರಳು ಎಂದು ಎಣಿಸಬೇಕು ಎನ್ನುವುದು. ಎರಡನೆಯದು, ಟೈಪ್ ಮಾಡುವಾಗ ಅಂಗೈ ಅಥವಾ ಹೆಬ್ಬೆರಳು ತಾಗಿದರೆ ಅದನ್ನು ಎಷ್ಟರ ಮಟ್ಟಿಗೆ ಕಡೆಗಣಿಸಬೇಕು ಎನ್ನುವುದು. ಮೂರನೆಯದು, ಬೆರಳು ಸರಿದ ದೂರಕ್ಕೆ ಕರ್ಸರ್ ಎಷ್ಟು ದೂರ ಓಡಬೇಕು ಎಂಬ ವೇಗದ ಲೆಕ್ಕ. ನಾಲ್ಕನೆಯದು ಸನ್ನೆಯ ಹೊಸ್ತಿಲು, ಅಂದರೆ ಮೂರು ಅಥವಾ ನಾಲ್ಕು ಬೆರಳುಗಳು ಎಷ್ಟು ದೂರ, ಎಷ್ಟು ಬಿರುಸಾಗಿ ಸರಿದರೆ ‘ಈ ಕೆಲಸ ಆಗಲಿ’ ಎಂದು ಗಣಕ ತೀರ್ಮಾನಿಸಬೇಕು ಎನ್ನುವುದು.

ನಮಗೆ ತೊಂದರೆ ಕೊಡುವುದು ಬಹುತೇಕ ನಾಲ್ಕನೆಯದು. ಸೆಟ್ಟಿಂಗ್ಸ್‌ನಲ್ಲಿ ಸುಲಭವಾಗಿ ಕೈಗೆ ಸಿಗುವುದು ಮೂರನೆಯದು. ವಿಂಡೋಸ್‌ನಲ್ಲಿ ‘ಟಚ್‌ಪ್ಯಾಡ್ ಸೆನ್ಸಿಟಿವಿಟಿ’ ಎಂದೇ ಹೆಸರಿಟ್ಟು ನಾಲ್ಕು ಹಂತಗಳನ್ನು ಕೊಟ್ಟಿರುವುದು ವಾಸ್ತವವಾಗಿ ಎರಡನೆಯದಕ್ಕೆ ಸಂಬಂಧಿಸಿದ್ದು. ಆಕಸ್ಮಿಕ ಸ್ಪರ್ಶವನ್ನು ತಡೆಯುವ ಬಿಗಿಯನ್ನು ಅದು ಹೆಚ್ಚು ಕಡಿಮೆ ಮಾಡುತ್ತದೆಯೇ ಹೊರತು ಮೂರು ಬೆರಳಿನ ಸರಿತದ ದೂರವನ್ನು ಮುಟ್ಟುವುದಿಲ್ಲ. ಹೆಸರನ್ನು ನಂಬಿ ಅದನ್ನೇ ಹಿಂದೆ ಮುಂದೆ ಎಳೆದು ಸಂಜೆಗಳನ್ನು ಕಳೆದವರಲ್ಲಿ ನಾನೂ ಒಬ್ಬ.

ಬೆರಳನ್ನು ಹಿಂಬಾಲಿಸುವ ಸನ್ನೆ, ಕೊನೆಗೆ ತೀರ್ಪು ಕೊಡುವ ಸನ್ನೆ

ಈ ನಾಲ್ಕನೆಯ ಅರ್ಥದಲ್ಲಿ ನೋಡಿದಾಗ ಎಲ್ಲ ವ್ಯವಸ್ಥೆಗಳೂ ಎರಡು ಗುಂಪುಗಳಾಗಿ ಒಡೆಯುತ್ತವೆ, ಮತ್ತು ನನ್ನ ಅನುಭವದಲ್ಲಿ ಬೇರೆಲ್ಲ ಅಂಕಿಗಳಿಗಿಂತ ಈ ಒಡೆತವೇ ಮುಖ್ಯವಾದುದು. ಒಂದು ಗುಂಪಿನಲ್ಲಿ ಪರದೆ ಬೆರಳಿನ ಜೊತೆಯಲ್ಲೇ ಚಲಿಸುತ್ತದೆ: ಬೆರಳು ಒಂದಿಷ್ಟು ಸರಿದರೆ ವರ್ಕ್‌ಸ್ಪೇಸ್ ಒಂದಿಷ್ಟು ಸರಿಯುತ್ತದೆ, ಬೆರಳು ಹಿಂದೆ ಬಂದರೆ ಅದೂ ಹಿಂದೆ ಬರುತ್ತದೆ. ಇನ್ನೊಂದು ಗುಂಪಿನಲ್ಲಿ ಬೆರಳು ಸರಿಯುವಷ್ಟು ಹೊತ್ತೂ ಪರದೆ ಕದಲುವುದಿಲ್ಲ. ಬೆರಳನ್ನೆತ್ತಿದ ಮೇಲೆ ಅಥವಾ ಹೊಸ್ತಿಲು ದಾಟಿದ ಕ್ಷಣದಲ್ಲಿ ಒಮ್ಮೆಲೇ ಆಜ್ಞೆ ಜಾರಿಯಾಗುತ್ತದೆ. ಮೊದಲ ಗುಂಪಿನಲ್ಲಿ ತಪ್ಪು ಸನ್ನೆ ಮಾಡಿದರೂ ಅದು ಕಣ್ಣಿಗೆ ಕಾಣುತ್ತದೆ, ಬೆರಳನ್ನು ಹಿಂದಕ್ಕೆ ತಂದು ಸರಿಪಡಿಸಿಕೊಳ್ಳಬಹುದು, ಹಾಗಾಗಿ ಹೊಸ್ತಿಲು ಸ್ವಲ್ಪ ಆಚೀಚೆ ಇದ್ದರೂ ನಡೆಯುತ್ತದೆ. ಎರಡನೆಯ ಗುಂಪಿನಲ್ಲಿ ಹೊಸ್ತಿಲಿನ ಅಂಕಿಯೇ ಸರ್ವಸ್ವ: ಕಡಿಮೆಯಾದರೆ ಬೇಡದ ಕೆಲಸ, ಹೆಚ್ಚಾದರೆ ಆಗದ ಕೆಲಸ.

ಮ್ಯಾಕ್‌ನದು ಹಿಂಬಾಲಿಸುವ ಪದ್ಧತಿ. ಲಿನಕ್ಸ್‌ನಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ 2021ರ ಮಾರ್ಚ್‌ನಲ್ಲಿ ಬಿಡುಗಡೆಯಾದ 40ನೇ ಆವೃತ್ತಿಯಲ್ಲಿ ಮೂರು ಬೆರಳಿನ ಸನ್ನೆಗಳನ್ನು ಈ ರೀತಿ ಕೂರಿಸಿತು. ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪ್ 2022ರ ಜೂನ್‌ನಲ್ಲಿ ಬಂದ 5.25ನೇ ಆವೃತ್ತಿಯಿಂದ ಇದೇ ದಾರಿ ಹಿಡಿಯಿತು. ಎರಡರಲ್ಲೂ ಈ ಅನುಕೂಲವನ್ನು ಪೂರ್ತಿಯಾಗಿ ಪಡೆಯಬೇಕಾದರೆ ಲಾಗಿನ್ ಆಗುವಾಗ ವೇಲ್ಯಾಂಡ್ (ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ) ಸೆಷನ್ ಆರಿಸಿಕೊಳ್ಳಬೇಕು. ಅದೇ ಕೆಲಸ ಮಾಡುತ್ತಿದ್ದ ಹಳೆಯ ಎಕ್ಸ್ ಸರ್ವರ್‌ಗೆ ಟಚ್‌ಪ್ಯಾಡ್ ಸನ್ನೆಗಳ ಬೆಂಬಲ ಬಂದದ್ದೇ 2021ರ ಅಕ್ಟೋಬರ್‌ನ 21.1ನೇ ಆವೃತ್ತಿಯಲ್ಲಿ, ಅಷ್ಟರಲ್ಲಿ ಎಲ್ಲರ ಗಮನ ವೇಲ್ಯಾಂಡ್ ಕಡೆ ಹೊರಳಿಯಾಗಿತ್ತು.

ಗ್ನೋಮ್ ಅಥವಾ ಪ್ಲಾಸ್ಮಾ?

ಗ್ನೋಮ್‌ನಲ್ಲಿ ಸನ್ನೆಯ ಹೊಸ್ತಿಲನ್ನು ಬದಲಿಸಲು ಸೆಟ್ಟಿಂಗ್ಸ್‌ನಲ್ಲಿ ಯಾವ ಸ್ಲೈಡರೂ ಇಲ್ಲ. ಅದು ಗ್ನೋಮ್ ಶೆಲ್‌ನ ಪ್ರೋಗ್ರಾಂ ಸಂಕೇತದೊಳಗೇ ಬರೆದಿಟ್ಟ ಅಂಕಿ: ಟಚ್‌ಪ್ಯಾಡನ್ನು ಅಡ್ಡಕ್ಕೆ 400, ಉದ್ದಕ್ಕೆ 300 ಏಕಮಾನಗಳ ಹಾಸು ಎಂದು ಭಾವಿಸಿ, ಬೆರಳುಗಳು ಅದರಲ್ಲಿ ಎಷ್ಟು ಪಾಲು ಕ್ರಮಿಸಿದವು ಎಂದು ಲೆಕ್ಕ ಹಾಕಲಾಗುತ್ತದೆ. ಜೊತೆಗೆ ಬೆರಳೆತ್ತುವ ಮೊದಲಿನ 150 ಮಿಲಿಸೆಕೆಂಡುಗಳ ಚಲನೆಯಿಂದ ಬಿರುಸನ್ನು ಅಳೆಯಲಾಗುತ್ತದೆ. ಬಿರುಸು ಸಾಕಷ್ಟಿದ್ದರೆ ದೂರ ಕಡಿಮೆಯಾದರೂ ಸನ್ನೆ ಪೂರ್ತಿಯಾಗುತ್ತದೆ. ನಿಧಾನವಾಗಿ ಎಳೆದಾಗ ಹಿಂದಕ್ಕೆ ಮರಳುವ ವರ್ಕ್‌ಸ್ಪೇಸ್, ಅಷ್ಟೇ ದೂರವನ್ನು ಚಿಟಿಕೆ ಹೊಡೆದಂತೆ ಸರಿಸಿದರೆ ಬದಲಾಗುವುದಕ್ಕೆ ಇದೇ ಕಾರಣ. ಈ ಲೆಕ್ಕಕ್ಕೆ ತೆಗೆದುಕೊಳ್ಳುವುದು ವೇಗವರ್ಧನೆ (ಬೆರಳಿನ ಬಿರುಸಿಗೆ ತಕ್ಕಂತೆ ಕರ್ಸರನ್ನು ಹೆಚ್ಚು ಓಡಿಸುವುದು) ಸೇರಿಸದ ಮೂಲ ಚಲನೆಯನ್ನು. ಆದುದರಿಂದಲೇ ಕರ್ಸರ್ ವೇಗದ ಸ್ಲೈಡರನ್ನು ಎಷ್ಟು ಎಳೆದರೂ ಗ್ನೋಮ್‌ನ ಮೂರು ಬೆರಳಿನ ಸನ್ನೆ ಕದಲುವುದಿಲ್ಲ. ಇದು ದೋಷವೆಂದು ನನಗೆ ಅನ್ನಿಸುವುದಿಲ್ಲ. ಕರ್ಸರನ್ನು ವೇಗವಾಗಿ ಇಟ್ಟುಕೊಳ್ಳುವವರೂ ನಿಧಾನವಾಗಿ ಇಟ್ಟುಕೊಳ್ಳುವವರೂ ಒಂದೇ ಬಗೆಯ ಸನ್ನೆಯನ್ನು ಕಲಿತರೆ ಸಾಕಾಗುತ್ತದೆ. ಆದರೆ ದಿನವಿಡೀ ಸ್ಕ್ರೋಲ್ ಮಾಡುವವರಿಗೆ ಸ್ಕ್ರೋಲಿನ ವೇಗಕ್ಕೂ ಸ್ಲೈಡರ್ ಕೊಡದಿರುವುದು ಹಠಮಾರಿತನದಂತೆ ಕಾಣುವುದು ಸಹಜ.

ಪ್ಲಾಸ್ಮಾ ಆ ವಿಷಯದಲ್ಲಿ ಉದಾರಿ. ಅದರ ಟಚ್‌ಪ್ಯಾಡ್ ಪುಟದಲ್ಲಿ ಕರ್ಸರ್ ವೇಗ, ವೇಗವರ್ಧನೆಯ ಬಗೆ, ಸ್ಕ್ರೋಲ್ ವೇಗ ಎಲ್ಲವೂ ಪ್ರತ್ಯೇಕವಾಗಿ ಸಿಗುತ್ತವೆ. ಸನ್ನೆಗೆ ಮೂರು ಬೆರಳೋ ನಾಲ್ಕು ಬೆರಳೋ ಎಂಬುದು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತ ಬಂದಿರುವುದರಿಂದ ನಿಮ್ಮ ಗಣಕದಲ್ಲಿರುವ ಆವೃತ್ತಿಯಲ್ಲಿ ಪರೀಕ್ಷಿಸಿಯೇ ನಿರ್ಧರಿಸುವುದು ಒಳ್ಳೆಯದು. ಉದ್ದನೆಯ ಪಿಡಿಎಫ್‌ಗಳನ್ನು ಓದುವ, ಕರಡು ತಿದ್ದುವ, ನೂರಾರು ಪುಟಗಳ ಕಡತದಲ್ಲಿ ಮೇಲೆ ಕೆಳಗೆ ಓಡಾಡುವ ಕೆಲಸದವರಿಗೆ ನಾನು ಪ್ಲಾಸ್ಮಾವನ್ನೇ ಸೂಚಿಸುತ್ತೇನೆ. ನಾಲ್ಕೈದು ವರ್ಕ್‌ಸ್ಪೇಸ್‌ಗಳಲ್ಲಿ ಕೆಲಸ ಹರಡಿಕೊಂಡು ಅವುಗಳ ನಡುವೆ ಜಿಗಿಯುವವರಿಗೆ ಗ್ನೋಮ್‌ನ ಸನ್ನೆಗಳು ಹೆಚ್ಚು ನಯವಾಗಿವೆ.

ಅಂಕಿಯನ್ನೇ ಕೈಗೆ ಕೊಡುವವರು

ಹೊಸ್ತಿಲನ್ನು ತಾನೇ ನಿಗದಿಪಡಿಸಬೇಕು ಎನ್ನುವವರಿಗೆ ಹೈಪ್ರ್‌ಲ್ಯಾಂಡ್ ಎಂಬ ವೇಲ್ಯಾಂಡ್ ಕಂಪೋಸಿಟರ್ (ಕಿಟಕಿಗಳನ್ನು ಜೋಡಿಸಿ ಪರದೆಗೆ ತರುವ ತಂತ್ರಾಂಶ) ನೇರ ಉತ್ತರ. ಅದರ ಸಂರಚನಾ ಕಡತದ ಸನ್ನೆಗಳ ವಿಭಾಗದಲ್ಲಿ ವರ್ಕ್‌ಸ್ಪೇಸ್ ಸರಿಸಲು ಬೇಕಾದ ದೂರ, ಎಷ್ಟು ಪಾಲಿಗಿಂತ ಕಡಿಮೆ ಸರಿದರೆ ಸನ್ನೆಯನ್ನು ರದ್ದುಮಾಡಬೇಕು ಎಂಬ ಪ್ರಮಾಣ, ಎಷ್ಟು ಬಿರುಸಿದ್ದರೆ ದೂರವನ್ನು ಲೆಕ್ಕಿಸದೆ ಪೂರ್ತಿಮಾಡಬೇಕು ಎಂಬ ಮಿತಿ, ಈ ಮೂರೂ ಬೇರೆ ಬೇರೆಯಾಗಿ ಇವೆ. ಪೂರ್ವನಿಗದಿಯಾಗಿ ಅವು ಕ್ರಮವಾಗಿ 300, 0.5 ಮತ್ತು 30. ದೂರವನ್ನು ಹಾಗೆಯೇ ಬಿಟ್ಟು ರದ್ದತಿಯ ಪ್ರಮಾಣವನ್ನು 0.5ರಿಂದ 0.3ಕ್ಕೆ ಇಳಿಸಿದರೆ ಸನ್ನೆಯ ನಯ ಕೆಡದೆಯೇ ಅದು ಬೇಗ ಒಪ್ಪಿಗೆಯಾಗುತ್ತದೆ. ದೂರವನ್ನೇ ಕಡಿಮೆ ಮಾಡಿದರೆ ಪರದೆ ಬೆರಳಿಗಿಂತ ಮುಂದೆ ಓಡಿದಂತೆ ಕಾಣುತ್ತದೆ. ಆದರೆ ಹೈಪ್ರ್‌ಲ್ಯಾಂಡ್ ಎಂದರೆ ಇಡೀ ಡೆಸ್ಕ್‌ಟಾಪನ್ನು ಕಡತ ಬರೆದು ಕಟ್ಟಿಕೊಳ್ಳುವುದು. ಸನ್ನೆಯ ಒಂದು ಅಂಕಿಗಾಗಿ ಮನೆಮಂದಿಯೆಲ್ಲ ಬಳಸುವ ಗಣಕವನ್ನು ಅದಕ್ಕೆ ಒಪ್ಪಿಸುವುದು ಜಾಣತನವಲ್ಲ.

ಎಕ್ಸ್ ಸೆಷನ್‌ನಲ್ಲೇ ಉಳಿಯಬೇಕಾದವರಿಗೆ ಟಚೆಗ್ ಎಂಬ ಸನ್ನೆ ಗುರುತಿಸುವ ತಂತ್ರಾಂಶ ಇದೆ. 2023ರ ಜುಲೈನಲ್ಲಿ ಬಂದ ಲಿನಕ್ಸ್ ಮಿಂಟ್ 21.2ರ ಸಿನಮನ್ ಡೆಸ್ಕ್‌ಟಾಪ್ ತನ್ನ ಸನ್ನೆಗಳಿಗೆ ಇದನ್ನೇ ಆಧಾರವಾಗಿ ಮಾಡಿಕೊಂಡಿದೆ. ಟಚೆಗ್‌ನಲ್ಲಿ ಎರಡು ಅಂಕಿಗಳನ್ನು ತಿಳಿದುಕೊಂಡರೆ ಸಾಕು. ಮೊದಲನೆಯದು ಸನ್ನೆ ಆರಂಭವಾಗಿ ಎಷ್ಟು ಮಿಲಿಸೆಕೆಂಡುಗಳ ನಂತರ ಪರದೆಯ ಮೇಲೆ ಚಲನೆ ತೋರಿಸಬೇಕು ಎಂಬುದು, ಪೂರ್ವನಿಗದಿ 150. ಎರಡನೆಯದು ಸನ್ನೆಯ ಶೇಕಡಾ ಎಷ್ಟು ಭಾಗ ಮುಗಿದಿದ್ದರೆ ಕೆಲಸ ಜಾರಿಯಾಗಬೇಕು ಎಂಬುದು, ಪೂರ್ವನಿಗದಿ 20. ಬೇಡದ ಸನ್ನೆಗಳು ಜಾಸ್ತಿಯಾದರೆ ಎರಡನೆಯದನ್ನು ನಲವತ್ತರ ಆಸುಪಾಸಿಗೆ ಏರಿಸುವುದು ನನ್ನ ರೂಢಿ. ಮೊದಲನೆಯದನ್ನು ಏರಿಸಿದರೆ ಗಣಕವೇ ನಿಧಾನವಾದಂತೆ ಭಾಸವಾಗುವುದರಿಂದ ಅದರ ತಂಟೆಗೆ ಹೋಗುವುದಿಲ್ಲ. ವೇಲ್ಯಾಂಡ್‌ನಲ್ಲಿ ಮಾತ್ರ ಟಚೆಗ್ ನಡೆಯುವುದಿಲ್ಲ.

ಎಕ್ಸ್, ವೇಲ್ಯಾಂಡ್ ಎರಡೂ ಕಡೆ ನಡೆಯುವ ತಂತ್ರಾಂಶ ಫ್ಯೂಸುಮಾ. ಅದರ ಹೊಸ್ತಿಲು 1 ಎಂಬ ಮೂಲ ಅಂಕಿಯ ಗುಣಕವಾಗಿದೆ: 0.5 ಎಂದು ಬರೆದರೆ ಅರ್ಧ ದೂರಕ್ಕೇ ಸನ್ನೆ ಒಪ್ಪಿಗೆಯಾಗುತ್ತದೆ, 2 ಎಂದರೆ ಎರಡರಷ್ಟು ಸರಿಸಬೇಕು. ಲಿಬ್‌ಇನ್‌ಪುಟ್-ಜೆಸ್ಚರ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲೂ ಸರಿತದ ಕನಿಷ್ಠ ದೂರವನ್ನು ನಿಗದಿಪಡಿಸಬಹುದು. ಇವೆರಡೂ ಸನ್ನೆಯನ್ನು ಕೀಬೋರ್ಡ್ ಆಜ್ಞೆಯಾಗಿ ಮಾರ್ಪಡಿಸಿ ಕಳಿಸುವಂಥವು. ಪರದೆ ಬೆರಳನ್ನು ಹಿಂಬಾಲಿಸುವ ಸುಖ ಇಲ್ಲಿ ಇಲ್ಲ. ಇದಕ್ಕಿಂತ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಇವು ಕೆಲಸ ಮಾಡಬೇಕಾದರೆ ಬಳಕೆದಾರರನ್ನು ‘ಇನ್‌ಪುಟ್’ ಗುಂಪಿಗೆ ಸೇರಿಸಬೇಕಾಗುತ್ತದೆ, ಮತ್ತು ಆ ಗುಂಪಿಗೆ ಸೇರಿದವರ ಹೆಸರಿನಲ್ಲಿ ಓಡುವ ಯಾವುದೇ ತಂತ್ರಾಂಶ ಕೀಬೋರ್ಡಿನಲ್ಲಿ ಒತ್ತಿದ ಪ್ರತಿಯೊಂದು ಕೀಲಿಯನ್ನೂ, ಪಾಸ್‌ವರ್ಡ್ ಸಮೇತ, ಓದಬಲ್ಲದು. ಟಚೆಗ್ ತನ್ನ ಮುಖ್ಯ ಭಾಗವನ್ನು ವ್ಯವಸ್ಥೆಯ ಸೇವೆಯಾಗಿ ಬೇರೆಯೇ ನಡೆಸುವುದರಿಂದ ಈ ಬಾಗಿಲನ್ನು ತೆರೆಯಬೇಕಾಗಿಲ್ಲ. ಬ್ಯಾಂಕ್ ವ್ಯವಹಾರವೂ ಅದೇ ಗಣಕದಲ್ಲಿ ನಡೆಯುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ತಪ್ಪು ಎಲ್ಲಿದೆ ಎಂದು ಕಣ್ಣಾರೆ ನೋಡುವುದು

ಯಾವ ಅಂಕಿಯನ್ನು ಬದಲಿಸುವ ಮೊದಲೂ ಟರ್ಮಿನಲ್‌ನಲ್ಲಿ ಲಿಬ್‌ಇನ್‌ಪುಟ್‌ನ ‘ಡೀಬಗ್-ಇವೆಂಟ್ಸ್’ ಆಜ್ಞೆಯನ್ನು ನಿರ್ವಾಹಕರ ಅನುಮತಿಯೊಂದಿಗೆ ಓಡಿಸಿ ಹತ್ತು ನಿಮಿಷ ನೋಡುವುದು ಒಳಿತು. ಇಂದಿನ ಬಹುತೇಕ ಎಲ್ಲ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲೂ ಟಚ್‌ಪ್ಯಾಡಿನಿಂದ ಬರುವ ಚಲನೆಯನ್ನು ಮೊದಲು ಓದುವುದು ಈ ಲಿಬ್‌ಇನ್‌ಪುಟ್, ಅದರ 1.0 ಆವೃತ್ತಿ 2015ರಲ್ಲಿ ಬಂತು. ಅದು ಸನ್ನೆಯನ್ನು ಗುರುತಿಸಿ ಬೆರಳುಗಳ ಸಂಖ್ಯೆ ಮತ್ತು ಸರಿದ ದೂರವನ್ನಷ್ಟೇ ಮೇಲಿನ ಡೆಸ್ಕ್‌ಟಾಪ್‌ಗೆ ತಲುಪಿಸುತ್ತದೆ, ಅದರಿಂದ ಏನಾಗಬೇಕು ಎಂಬ ತೀರ್ಮಾನ ಡೆಸ್ಕ್‌ಟಾಪಿನದು.

ನನ್ನ ಮೇಜಿನಲ್ಲಿ ಮೂರು ಬೆರಳಿನ ಸನ್ನೆ ಆಗಾಗ ವಿಫಲವಾಗುತ್ತಿದ್ದಾಗ ಹೊಸ್ತಿಲು ಹೆಚ್ಚಾಗಿದೆ ಎಂದೇ ನಾನು ನಂಬಿದ್ದೆ. ಆಜ್ಞೆಯನ್ನು ಓಡಿಸಿ ಅದೇ ಸನ್ನೆಯನ್ನು ಮಾಡುತ್ತ ಹೋದಾಗ ಬೇರೆಯೇ ಕಾಣಿಸಿತು. ಸರಿಯಾದ ಸನ್ನೆಯಲ್ಲಿ ‘ಸ್ವೈಪ್ ಬಿಗಿನ್ 3’ ಎಂಬ ಸಾಲು, ಅದರ ಕೆಳಗೆ ಸಾಲು ಸಾಲಾಗಿ ‘ಅಪ್‌ಡೇಟ್’, ಕೊನೆಗೆ ‘ಎಂಡ್’ ಬರುತ್ತಿತ್ತು. ವಿಫಲವಾದ ಸನ್ನೆಯಲ್ಲಿ ಸ್ವೈಪ್ ಎಂಬ ಮಾತೇ ಇರಲಿಲ್ಲ; ಎರಡು ಬೆರಳಿನ ಸ್ಕ್ರೋಲ್ ಎಂದು ದಾಖಲಾಗಿತ್ತು. ಉಂಗುರದ ಬೆರಳು ಉಳಿದೆರಡಕ್ಕಿಂತ ಚೂರು ತಡವಾಗಿ ಇಳಿಯುತ್ತಿತ್ತು, ಅಷ್ಟರೊಳಗೆ ಮೊದಲೆರಡು ಬೆರಳುಗಳು ಸರಿಯತೊಡಗಿದ್ದವು, ಗಣಕ ಅದನ್ನು ಸ್ಕ್ರೋಲ್ ಎಂದು ತೀರ್ಮಾನಿಸಿ ಮುಗಿಸಿತ್ತು. ಇದಕ್ಕೆ ಯಾವ ಹೊಸ್ತಿಲೂ ಮದ್ದಲ್ಲ. ಮೂರೂ ಬೆರಳುಗಳನ್ನು ಒಟ್ಟಿಗೆ ಇಟ್ಟು, ಒಂದರೆಗಳಿಗೆ ತಡೆದು, ಆಮೇಲೆ ಸರಿಸುವ ಅಭ್ಯಾಸ ಮಾಡಿಕೊಂಡ ಮೇಲೆ ಒಂದು ಅಂಕಿಯನ್ನೂ ಬದಲಿಸದೆ ತೊಂದರೆ ನಿಂತಿತು. ‘ಎಂಡ್’ ಸಾಲಿನ ಪಕ್ಕದಲ್ಲಿ ‘ಕ್ಯಾನ್ಸಲ್ಡ್’ ಎಂದು ಕಂಡರೆ ಸನ್ನೆಯ ನಡುವೆ ಒಂದು ಬೆರಳು ಎದ್ದಿದೆ ಅಥವಾ ಇನ್ನೊಂದು ತಾಗಿದೆ ಎಂದು ತಿಳಿಯಬೇಕು. ಹೆಬ್ಬೆರಳನ್ನು ಫಲಕದ ಅಂಚಿನಲ್ಲಿ ಊರುವ ಅಭ್ಯಾಸವಿದ್ದವರಿಗೆ ಇದು ಹೆಚ್ಚು.

ಬೆರಳನ್ನು ಇಟ್ಟರೂ ಯಾವ ಸಾಲೂ ಮೂಡದಿದ್ದರೆ ತೊಂದರೆ ಮೊದಲನೆಯ ಅರ್ಥದ ಸೂಕ್ಷ್ಮತೆಯಲ್ಲಿದೆ. ಹಿಂದೆ ಸಿನಾಪ್ಟಿಕ್ಸ್ ಡ್ರೈವರ್ ಬಳಕೆಯಲ್ಲಿದ್ದಾಗ ‘ಫಿಂಗರ್‌ಹೈ’ ಮತ್ತು ‘ಫಿಂಗರ್‌ಲೋ’ ಎಂಬ ಎರಡು ಒತ್ತಡದ ಅಂಕಿಗಳಿದ್ದವು: ಮೊದಲನೆಯದನ್ನು ಮೀರಿದರೆ ಬೆರಳು ತಾಗಿದೆ, ಎರಡನೆಯದಕ್ಕಿಂತ ಇಳಿದರೆ ಬೆರಳು ಎದ್ದಿದೆ. ಲಿಬ್‌ಇನ್‌ಪುಟ್‌ನಲ್ಲಿ ಅದೇ ತತ್ತ್ವ ಉಳಿದಿದೆಯಾದರೂ ಅಂಕಿಗಳು ಸೆಟ್ಟಿಂಗ್ಸ್‌ನಿಂದ ಮರೆಯಾಗಿ ‘ಕ್ವರ್ಕ್ಸ್’ ಎಂಬ ಕಡತಗಳಿಗೆ ಹೋಗಿವೆ. ‘10:8’ ಎಂಬಂತೆ ಬರೆದರೆ ಒತ್ತಡ 10ನ್ನು ಮೀರಿದಾಗ ಸ್ಪರ್ಶ ಆರಂಭ, 8ಕ್ಕಿಂತ ಇಳಿದಾಗ ಮುಕ್ತಾಯ. ಎರಡು ಅಂಕಿಗಳ ನಡುವೆ ಒಂದಿಷ್ಟು ಅಂತರ ಇಡುವುದು ಅಗತ್ಯ, ಇಲ್ಲವಾದರೆ ಒತ್ತಡ ಗೆರೆಯ ಮೇಲೆಯೇ ಓಲಾಡುವಾಗ ಗಣಕ ಒಂದೇ ಸ್ಪರ್ಶವನ್ನು ಹತ್ತು ಸ್ಪರ್ಶಗಳೆಂದು ಎಣಿಸುತ್ತದೆ.

ಯಂತ್ರಾಂಶದ ಆಯ್ಕೆ

ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ಬಂದದ್ದು ಬಂದಂತೆ ಇರುತ್ತದೆ. ಮೇಜಿನ ಗಣಕಕ್ಕೆ ಅದನ್ನು ನಾವೇ ಆರಿಸಬೇಕು. ಆಪಲ್‌ನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ 2010ರಲ್ಲಿ ಬಂತು. 2015ರ ಎರಡನೆಯ ಪೀಳಿಗೆಯಿಂದ ಅದರ ಗಾಜು ಕೆಳಗೆ ಇಳಿಯುವುದಿಲ್ಲ, ಒತ್ತಡವನ್ನು ಅಳೆದು ಒಳಗಿನ ಕಂಪನದ ಮೂಲಕ ಕ್ಲಿಕ್ಕಿನ ಅನುಭವ ಕೊಡುತ್ತದೆ. ಸುಮಾರು 16 ಸೆಂಟಿಮೀಟರ್ ಅಗಲದ ಈ ಫಲಕದಲ್ಲಿ ಮೂರು, ನಾಲ್ಕು ಬೆರಳುಗಳಿಗೆ ಸರಿಯಲು ಜಾಗ ಧಾರಾಳ, ಮತ್ತು ಸನ್ನೆ ತಪ್ಪುವುದು ಕಡಿಮೆಯಾಗಲು ಈ ಜಾಗವೇ ಅರ್ಧ ಕಾರಣ. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆ ಬೆಂಬಲವಿದೆ. ಮ್ಯಾಕ್‌ನಲ್ಲಾದರೆ ಕ್ಲಿಕ್ಕಿನ ಗಟ್ಟಿತನವನ್ನು ಮೂರು ಹಂತಗಳಲ್ಲಿ ಬದಲಿಸಬಹುದು, ವರ್ಕ್‌ಸ್ಪೇಸ್ ಸರಿಸಲು ಮೂರು ಬೆರಳೋ ನಾಲ್ಕೋ ಎಂದು ಆರಿಸಬಹುದು. ಸನ್ನೆಯ ಹೊಸ್ತಿಲಿಗೆ ಅಲ್ಲೂ ಸ್ಲೈಡರ್ ಇಲ್ಲ ಎಂಬುದು ಹಲವರಿಗೆ ಆಶ್ಚರ್ಯ ತರುತ್ತದೆ.

ವಿಂಡೋಸ್ ಬಳಸುವವರು ‘ಪ್ರಿಸಿಷನ್ ಟಚ್‌ಪ್ಯಾಡ್’ ಎಂಬ ಗುರುತು ಇರುವ ಸಾಧನವನ್ನೇ ಕೊಳ್ಳಬೇಕು. ವಿಂಡೋಸ್ 8.1ರ ಕಾಲದಲ್ಲಿ, 2013ರಲ್ಲಿ ಬಂದ ಈ ಮಾನದಂಡದಲ್ಲಿ ಬೆರಳುಗಳ ಚಲನೆಯನ್ನು ವಿಂಡೋಸೇ ನೇರವಾಗಿ ಓದುತ್ತದೆ. ತಯಾರಕರ ಬೇರೆ ಡ್ರೈವರ್ ನಡುವೆ ಬರುವುದಿಲ್ಲ. ಆ ಗುರುತಿಲ್ಲದಿದ್ದರೆ ಮೂರು ಮತ್ತು ನಾಲ್ಕು ಬೆರಳಿನ ಸನ್ನೆಗಳ ಪಟ್ಟಿಯೇ ಸೆಟ್ಟಿಂಗ್ಸ್‌ನಲ್ಲಿ ಕಾಣಿಸದೆ ಹೋಗಬಹುದು.

ಟಿವಿಯ ಮುಂದೆ ಕುಳಿತು ಬಳಸುವ, ಪಕ್ಕದಲ್ಲಿ ಸಣ್ಣ ಟಚ್‌ಪ್ಯಾಡ್ ಅಂಟಿಸಿಕೊಂಡ ಕೀಬೋರ್ಡ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಅವುಗಳಲ್ಲಿ ಹಲವು ಗಣಕದ ಮುಂದೆ ತಮ್ಮನ್ನು ಮೌಸ್ ಎಂದೇ ಪರಿಚಯಿಸಿಕೊಳ್ಳುತ್ತವೆ. ಎರಡು ಬೆರಳಿನ ಸ್ಕ್ರೋಲನ್ನು ಒಳಗಿನ ಚಿಪ್ಪೇ ಗಾಲಿಯ ತಿರುವಾಗಿ ಬದಲಿಸಿ ಕಳಿಸುತ್ತದೆ. ಮೂರನೆಯ ಬೆರಳು ಇದ್ದದ್ದೇ ಗಣಕಕ್ಕೆ ತಿಳಿಯುವುದಿಲ್ಲ. ಹೀಗೆ ಒಂದನ್ನು ತಂದು ಎರಡು ವಾರ ಡ್ರೈವರ್ ಹುಡುಕಿದ ನಂತರ ಲಿಬ್‌ಇನ್‌ಪುಟ್‌ನ ಸಾಧನಗಳ ಪಟ್ಟಿಯನ್ನು ತೆಗೆದು ನೋಡಿದೆ. ಸಾಮರ್ಥ್ಯಗಳ ಸಾಲಿನಲ್ಲಿ ‘ಪಾಯಿಂಟರ್’ ಎಂದಷ್ಟೇ ಇತ್ತು. ನಿಜವಾದ ಟಚ್‌ಪ್ಯಾಡ್ ಆಗಿದ್ದರೆ ಅದರ ಪಕ್ಕದಲ್ಲಿ ‘ಜೆಸ್ಚರ್’ ಎಂಬ ಪದವೂ ಇರುತ್ತದೆ. ಅಂಗಡಿಗೆ ಮರಳಿಸುವ ಗಡುವು ಅಷ್ಟರಲ್ಲಿ ಮುಗಿದಿತ್ತು.

ಟೈಪಿಂಗ್ ಮತ್ತು ಬ್ರೌಸರ್

ಕನ್ನಡದಲ್ಲಿ ಟೈಪ್ ಮಾಡುವಾಗ ಒಂದು ಒತ್ತಕ್ಷರಕ್ಕೆ ಮೂರು ನಾಲ್ಕು ಕೀಲಿಗಳು ಬೇಕಾಗುವುದರಿಂದ ಕೈ ಕೀಬೋರ್ಡಿನ ಮೇಲೇ ಹೆಚ್ಚು ಹೊತ್ತು ಇರುತ್ತದೆ, ಅಂಗೈ ಫಲಕಕ್ಕೆ ತಾಗುವ ಸಂದರ್ಭವೂ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವಷ್ಟು ಹೊತ್ತು ಟಚ್‌ಪ್ಯಾಡನ್ನು ನಿಲ್ಲಿಸಿಡುವ ವ್ಯವಸ್ಥೆ ಇದನ್ನು ಕಾಯುತ್ತದೆ. ಮೇಜಿನ ಗಣಕದಲ್ಲಿ ಕೀಬೋರ್ಡೂ ಟಚ್‌ಪ್ಯಾಡೂ ಬೇರೆ ಬೇರೆ ತಯಾರಕರದ್ದಾಗಿದ್ದರೆ ಇವೆರಡೂ ಒಂದೇ ಮೇಜಿನವು ಎಂದು ಲಿಬ್‌ಇನ್‌ಪುಟ್ ಊಹಿಸುವುದಿಲ್ಲ, ಹಾಗಾಗಿ ಆ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಫಲಕವನ್ನು ಕೀಬೋರ್ಡಿನ ಮುಂದೆ ಇಡದೆ ಬಲಕ್ಕೋ ಎಡಕ್ಕೋ ಒಂದು ಗೇಣು ದೂರ ಇಡುವುದೇ ಇದಕ್ಕೆ ಸಿಗುವ ಅತಿ ಅಗ್ಗದ ಪರಿಹಾರ.

ಎರಡು ಬೆರಳನ್ನು ಪಕ್ಕಕ್ಕೆ ಸರಿಸಿದಾಗ ಬ್ರೌಸರ್ ಹಿಂದಿನ ಪುಟಕ್ಕೆ ಜಿಗಿಯುವುದು ಮೇಲೆ ಹೇಳಿದ ಯಾವುದಕ್ಕೂ ಸೇರದ ತೊಂದರೆ. ಅದರ ಹೊಸ್ತಿಲು ಬ್ರೌಸರಿನೊಳಗೇ ಇರುತ್ತದೆ. ಅಡ್ಡಕ್ಕೆ ಹರಡಿದ ಕೋಷ್ಟಕವನ್ನು ಸರಿಸಲು ಹೋಗಿ, ಅರ್ಧ ಗಂಟೆ ಕೂತು ತುಂಬಿದ ಆನ್‌ಲೈನ್ ಅರ್ಜಿಯನ್ನು ಕಳೆದುಕೊಂಡ ದಿನ ನಾನು ಡೆಸ್ಕ್‌ಟಾಪನ್ನು ಬೈದಿದ್ದೆ, ಅದು ನಿರಪರಾಧಿಯಾಗಿತ್ತು. ಫೈರ್‌ಫಾಕ್ಸ್‌ನ ಆಂತರಿಕ ಸಂರಚನಾ ಪುಟದಲ್ಲಿ ‘ವಿಡ್ಜೆಟ್.ಸ್ವೈಪ್’ ಎಂದು ಹುಡುಕಿದರೆ ಇದಕ್ಕೆ ಸಂಬಂಧಿಸಿದ ಆಯ್ಕೆಗಳು ಸಿಗುತ್ತವೆ. ಇಡೀ ಪುಟದ ಅಳತೆಯನ್ನು ಪಿಕ್ಸೆಲ್‌ಗಳಲ್ಲಿ ಸೂಚಿಸುವ ಅಂಕಿಯನ್ನು ಎರಡರಷ್ಟು ಮಾಡಿದರೆ ಹಿಂದಕ್ಕೆ ಹೋಗಲು ಬೆರಳು ಹೆಚ್ಚು ದೂರ ಸರಿಯಬೇಕಾಗುತ್ತದೆ.

ಕೈ ನಡುಗುವ ಹಿರಿಯರಿಗಾಗಿ ಆರಿಸುವುದಾದರೆ ನನ್ನ ಸಲಹೆ ಬೇರೆ. ಅಂಥವರಿಗೆ ಹೊಸ್ತಿಲನ್ನು ಏರಿಸುವುದಕ್ಕಿಂತ ಮೂರು ಬೆರಳಿನ ಸನ್ನೆಗಳನ್ನೇ ತೆಗೆದುಹಾಕುವುದು ಉಪಕಾರ. ವಿಂಡೋಸ್‌ನಲ್ಲಿ ಆ ಸನ್ನೆಗಳ ಎದುರು ‘ನಥಿಂಗ್’ ಎಂದು ಆರಿಸಿ, ತಟ್ಟಿದರೆ ಕ್ಲಿಕ್ ಆಗುವ ಸೌಲಭ್ಯವನ್ನೂ ನಿಲ್ಲಿಸಿ, ಎರಡು ಬೆರಳಿನ ಸ್ಕ್ರೋಲನ್ನು ಮಾತ್ರ ಉಳಿಸಿಕೊಟ್ಟರೆ ಸಾಕಾಗುತ್ತದೆ. ಅಲ್ಲಿ ‘ಸೆನ್ಸಿಟಿವಿಟಿ’ಯನ್ನು ಅತ್ಯಂತ ಕಡಿಮೆ ಹಂತಕ್ಕೆ ಇಟ್ಟಾಗ ಅದು ತನ್ನ ಹೆಸರಿಗೆ ತಕ್ಕ ಕೆಲಸವನ್ನು ಒಮ್ಮೆಯಾದರೂ ಮಾಡುತ್ತದೆ.